ಅವರು ಕೇಳಿದ್ದು ನೀರು: ಅಧ್ಯಾಪಕರನ್ನು ಊರಿನ ಜೊತೆಗಿನ ಕೆಲಸಕ್ಕೆ ಅಣಿಗೊಳಿಸುವುದು ಹೇಗೆ?

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ಪುರ ಅಂತ ಒಂದು ಸಣ್ಣ ಹಳ್ಳಿ. 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು, ಅಂದರೆ ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನವರು, ಈ ಸೀಮೆಗೆ ಓಡಾಡತೊಡಗಿದರು. ಅವರ ಮುಂದಾಳು ಅಮೂಲ್ಯ ಕೆ. ಎನ್. ರೆಡ್ಡಿ. ಅವರೇನು ಕೃಷಿ ವಿಜ್ಞಾನಿಯೂ ಅಲ್ಲ, ಸಮಾಜಶಾಸ್ತ್ರಜ್ಞರೂ ಅಲ್ಲ. ವಿದ್ಯುತ್ ರಸಾಯನಶಾಸ್ತ್ರದ ಪ್ರಾಧ್ಯಾಪಕರು. ಬಾಕ್ರಿಸ್ ಜೊತೆ ಸೇರಿ ಅವರು ಬರೆದ ಪಠ್ಯಪುಸ್ತಕವನ್ನು ಆ ವಿಷಯ ಓದುವವರು ಇಂದಿಗೂ ಹುಡುಕಿ ಓದುತ್ತಾರೆ. 1974ರಲ್ಲಿ ಅವರು ಸಂಸ್ಥೆಯೊಳಗೆ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ವಿಜ್ಞಾನ ತಂತ್ರಜ್ಞಾನವನ್ನು ಹಳ್ಳಿಗಳಿಗೆ ಒಗ್ಗಿಸುವುದು ಅದರ ಕೆಲಸ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರ. ನಮ್ಮ ಹಳ್ಳಿಮನೆಗಳಿಗೆ ಬಂದ ‘ಅಸ್ತ್ರ ಒಲೆ’ಯ ಹೆಸರು ಹುಟ್ಟಿದ್ದು ಅಲ್ಲಿಂದಲೇ.

ಅಸ್ತ್ರದವರು ಪುರವೂ ಸೇರಿದಂತೆ ಆ ಭಾಗದ ಆರು ಹಳ್ಳಿಗಳಲ್ಲಿ ಮನೆಮನೆ ಸಮೀಕ್ಷೆ ಮಾಡಿದರು. ಎಷ್ಟು ಸೌದೆ, ಎಷ್ಟು ಸೀಮೆಎಣ್ಣೆ, ಹೆಂಗಸರೂ ಮಕ್ಕಳೂ ಸೌದೆ ನೀರಿಗಾಗಿ ಎಷ್ಟು ಹೊತ್ತು ನಡೆಯುತ್ತಾರೆ, ಎಲ್ಲವನ್ನೂ ಲೆಕ್ಕ ಹಾಕಿದರು. ಊರಿನ ಶಕ್ತಿಯಲ್ಲಿ ಬಹುಪಾಲು ಅಡುಗೆಗೇ ಹೋಗುತ್ತದೆ ಎಂದು ಗೊತ್ತಾಯಿತು. ಹಾಗಾದರೆ ಉತ್ತರ ಸಲೀಸು: ಇಡೀ ಊರಿಗೆ ಒಂದು ಗೋಬರ್ ಗ್ಯಾಸ್ ಘಟಕ ಕಟ್ಟಿ, ಮನೆಮನೆಗೂ ಅಡುಗೆ ಅನಿಲ ಕೊಡುವುದು. ಕಟ್ಟಿದರು. ಆದರೆ ಎಲ್ಲರ ಅಡುಗೆಗೂ ಸಾಲುವಷ್ಟು ಸಗಣಿ ಸೇರಲಿಲ್ಲ. ಸೌದೆಯೋ, ಕಷ್ಟಪಟ್ಟರೂ ಕಾಸು ಕೊಡದೆ ಸಿಗುವಂಥದ್ದು. ಅರೆಬರೆ ಅನಿಲಕ್ಕಾಗಿ ಯಾರು ತಲೆಕೆಡಿಸಿಕೊಂಡಾರು? ಊರಿನ ಆಸಕ್ತಿ ತಣ್ಣಗಾಯಿತು.

ಮತ್ತೆ ಕೂತು ಮಾತಾಡಿದಾಗ ಜನರ ಬೇಡಿಕೆ ಬೇರೆಯೇ ಇತ್ತು. ಅವರಿಗೆ ಮೊದಲು ಬೇಕಿದ್ದದ್ದು ಕುಡಿಯುವ ನೀರು. ಅದೇ ಅನಿಲದಿಂದ ಎಂಜಿನ್ ಓಡಿಸಿ, ಜನರೇಟರ್ ತಿರುಗಿಸಿ, ಕೊಳವೆಬಾವಿಯ ನೀರೆತ್ತಿ ನಲ್ಲಿಗೆ ಹರಿಸಿದರು. ರಾತ್ರಿ ಮನೆಗಳಲ್ಲಿ ಟ್ಯೂಬ್‌ಲೈಟ್ ಉರಿಸಿದರು. ಈ ವ್ಯವಸ್ಥೆ ಶುರುವಾದದ್ದು 1987ರಲ್ಲಿ. ಹೆಂಗಸರು ಸಗಣಿ ತಂದು ತೂಗಿಸಿದರೆ ಕಿಲೋಗೆ 2 ಪೈಸೆ. ಅನಿಲ ತೆಗೆದ ಬಗ್ಗಡ ಗೊಬ್ಬರವಾಗಿ ಅವರಿಗೇ ವಾಪಸ್ಸು. ಊರಿನವರ ಸಮಿತಿಯೇ ಉಸ್ತುವಾರಿ ನೋಡಿಕೊಂಡಿತು.

ಸಗಣಿ ಅದೇ, ಅನಿಲ ಅದೇ, ವಿಜ್ಞಾನಿಗಳೂ ಅವರೇ. ಮೊದಲ ಸಲ ಪ್ರಶ್ನೆ ಬೆಂಗಳೂರಿನದಾಗಿತ್ತು, ಎರಡನೇ ಸಲ ಪುರದ್ದಾಯಿತು. ವಿಶ್ವವಿದ್ಯಾಲಯಗಳು ಇಂದು ‘ಸಮುದಾಯ ಸಹಭಾಗಿತ್ವದ ಬೋಧನೆ ಮತ್ತು ಸಂಶೋಧನೆ’ ಎನ್ನುವ ಉದ್ದದ ಹೆಸರಿನಿಂದ ಕರೆಯುವುದರ ತಿರುಳು ಇಷ್ಟೇ. ಆದರೆ ಅಧ್ಯಾಪಕರು ಈ ತಿರುವನ್ನು ತಾವಾಗಿಯೇ ಕಲಿತು ಬರಲಿ ಎಂದು ಬಿಟ್ಟರೆ ಆಗದು. ಅದನ್ನು ಕಲಿಸಬೇಕು, ಅದಕ್ಕೆ ಹೊತ್ತು ಕೊಡಬೇಕು, ಲೆಕ್ಕಕ್ಕೂ ಹಿಡಿಯಬೇಕು. ಹೇಗೆ ಎನ್ನುವುದೇ ಈ ಲೇಖನದ ವಿಷಯ.

ಹೋಗಿಬರುವುದು ಬೇರೆ, ಕೂಡಿ ಕಲಿಯುವುದು ಬೇರೆ

ವಿಶ್ವವಿದ್ಯಾಲಯ ಊರಿಗೆ ಹೋಗುವುದು ನಮಗೆ ಹೊಸತೇನಲ್ಲ. ಮೈಸೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಸಣ್ಣಪುಟ್ಟ ಊರುಗಳಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು. ಆ ಮಾತುಗಳೇ ಕಿರುಹೊತ್ತಗೆಗಳಾಗಿ ಮನೆಗಳಿಗೆ ಬಂದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗವೂ ಇದೇ ಹಾದಿ ತುಳಿಯಿತು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಶುರುವಾಯಿತು. ಏಳು ದಿನದ ಎನ್‌ಎಸ್‌ಎಸ್ ಶಿಬಿರದಲ್ಲಿ ಚರಂಡಿ ತೆಗೆದ, ಶಾಲೆಯ ಜಗಲಿಯಲ್ಲಿ ಮಲಗಿದ ನೆನಪು ನಮ್ಮಲ್ಲಿ ಅನೇಕರಿಗೆ ಇದೆ.

ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಹರಿವು ಒಂದೇ ಕಡೆಗೆ: ಕಾಲೇಜು ಕೊಡುತ್ತದೆ, ಊರು ಪಡೆಯುತ್ತದೆ. ಪಾಠಕ್ಕೂ ಶಿಬಿರಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ರಸಾಯನಶಾಸ್ತ್ರದ ಹುಡುಗಿಯೂ ಇತಿಹಾಸದ ಹುಡುಗನೂ ಒಂದೇ ಗುದ್ದಲಿ ಹಿಡಿಯುತ್ತಾರೆ. ಸಹಭಾಗಿತ್ವದ ಬೋಧನೆಯಲ್ಲಿ ಹಾಗಲ್ಲ. ಅಲ್ಲಿ ಆ ಹುಡುಗಿ ತಾನು ಕಲಿಯುವ ರಸಾಯನಶಾಸ್ತ್ರವನ್ನೇ ಊರಿಗೆ ಒಯ್ಯುತ್ತಾಳೆ, ಊರಿನಿಂದ ರಸಾಯನಶಾಸ್ತ್ರವನ್ನೇ ಕಲಿತು ಬರುತ್ತಾಳೆ. ಯಾವುದೇ ಕಾರ್ಯಕ್ರಮವನ್ನು ಒರೆಗೆ ಹಚ್ಚಲು ಎರಡು ಮಾತು ಸಾಕು: ಪ್ರಶ್ನೆ ಯಾರಿಂದ ಬಂತು? ಉತ್ತರ ಯಾರ ಕೈಗೆ ಹೋಯಿತು? ಎರಡಕ್ಕೂ ‘ಕಾಲೇಜು’ ಎನ್ನುವುದೇ ಉತ್ತರವಾದರೆ ಅದು ಪ್ರವಾಸ, ಸಹಭಾಗಿತ್ವವಲ್ಲ.

ಕಾಗದದ ಮೇಲೆ ದಾರಿ ಈಗ ಸುಗಮವಾಗಿಯೇ ಇದೆ. 2014ರಲ್ಲಿ ಶುರುವಾದ ಉನ್ನತ ಭಾರತ ಅಭಿಯಾನವನ್ನು ದೆಹಲಿ ಐಐಟಿ ಸಮನ್ವಯ ಮಾಡುತ್ತದೆ. ಸೇರಿದ ಸಂಸ್ಥೆ ಕನಿಷ್ಠ ಐದು ಹಳ್ಳಿಗಳ ಜೊತೆ ಕೆಲಸ ಮಾಡಬೇಕು. ಸಾಮಾಜಿಕ ಹೊಣೆ ಮತ್ತು ಸಮುದಾಯ ಸಹಭಾಗಿತ್ವದ ಬಗ್ಗೆ ಯುಜಿಸಿ ಹೊರಡಿಸಿದ ಮಾರ್ಗಸೂಚಿ ಎರಡು ಕ್ರೆಡಿಟ್‌ಗಳ ಕೋರ್ಸೊಂದನ್ನು ಸೂಚಿಸಿ, ಅದರ ಅರ್ಧದಷ್ಟಾದರೂ ಸಮಯ ಕ್ಷೇತ್ರದಲ್ಲಿ ಕಳೆಯಬೇಕೆನ್ನುತ್ತದೆ. ನ್ಯಾಕ್ ತಂಡ ಬಂದಾಗ ವಿಸ್ತರಣಾ ಚಟುವಟಿಕೆಗೆ ಅಂಕ ಇದೆ. ಕೃಷಿ ಪದವಿಯವರಿಗೆ ಹಳ್ಳಿಯಲ್ಲಿದ್ದು ರೈತರ ಜೊತೆ ಕಲಿಯುವ ಅವಧಿ ಕಡ್ಡಾಯ. ಎಂಬಿಬಿಎಸ್‌ನವರಿಗೂ ಈಗ ಕುಟುಂಬಗಳನ್ನು ‘ದತ್ತು’ ಪಡೆದು ಅವರ ಆರೋಗ್ಯದ ಜಾಡು ಹಿಡಿಯುವ ಕೆಲಸ ಇದೆ.

ತೊಡಕಿರುವುದು ಸಾಮಾನ್ಯ ಪದವಿ ಕಾಲೇಜು ಮತ್ತು ಸ್ನಾತಕೋತ್ತರ ವಿಭಾಗಗಳಲ್ಲಿ. ಅಲ್ಲಿ ಸುತ್ತೋಲೆ ಬರುತ್ತದೆ, ಬ್ಯಾನರ್ ಬರುತ್ತದೆ, ಫೋಟೋ ತೆಗೆಯಲಾಗುತ್ತದೆ. ಮರುವರ್ಷ ಮತ್ತದೇ.

ಮೊದಲು ಅಧ್ಯಾಪಕರ ಕಷ್ಟ ಕೇಳಿ

ಊರಿನವರ ಮಾತು ಕೇಳಬೇಕು ಎಂದು ಅಧ್ಯಾಪಕರಿಗೆ ಹೇಳುವ ಮುನ್ನ ಅಧ್ಯಾಪಕರ ಮಾತನ್ನು ಯಾರಾದರೂ ಕೇಳಬೇಕಲ್ಲ? ಕೇಳಿದರೆ ನಾಲ್ಕು ಉತ್ತರಗಳು ಬರುತ್ತವೆ.

ಒಂದು, ಹೊತ್ತಿಲ್ಲ. ಯುಜಿಸಿ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆ. ಅದರ ಮೇಲೆ ಪರೀಕ್ಷೆ, ಪ್ರವೇಶಾತಿ, ಪೋರ್ಟಲ್‌ಗೆ ಅಂಕ ಏರಿಸುವುದು. ಊರಿಗೆ ಹೋಗಿಬಂದ ಮಧ್ಯಾಹ್ನ ಯಾವ ವರ್ಕ್‌ಲೋಡಿನಲ್ಲೂ ಇರುವುದಿಲ್ಲ.

ಎರಡು, ಎರಡು ಪಂಚಾಂಗ. ಸೆಮಿಸ್ಟರ್ ಎಂದರೆ ಹದಿನೈದು-ಹದಿನಾರು ವಾರ. ಊರಿನ ಲೆಕ್ಕ ಮಳೆ, ಬಿತ್ತನೆ, ಕೊಯ್ಲು, ಜಾತ್ರೆ. ರಾಗಿ ಕೊಯ್ಯುವ ವಾರದಲ್ಲಿ ಪ್ರಶ್ನಾವಳಿ ಹಿಡಿದು ಹೋದರೆ ಯಾರು ಕೂತು ಮಾತಾಡುತ್ತಾರೆ?

ಮೂರು, ಲೆಕ್ಕಕ್ಕಿಲ್ಲ. ಬಡ್ತಿಗೆ ಬೇಕಾದದ್ದು ಸಂಶೋಧನಾ ಪತ್ರಿಕೆಯಲ್ಲಿ ಬಂದ ಪ್ರಬಂಧ. ಪಂಚಾಯಿತಿಗೆ ಕನ್ನಡದಲ್ಲಿ ಬರೆದುಕೊಟ್ಟ ಹನ್ನೆರಡು ಪುಟದ ವರದಿಗೆ ಸೊನ್ನೆ.

ನಾಲ್ಕನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಅಳುಕು. ತರಗತಿಯಲ್ಲಿ ಪ್ರಶ್ನೆ ಯಾವುದು ಬಂದೀತೆಂದು ಅಧ್ಯಾಪಕರಿಗೆ ಗೊತ್ತು. ಊರಿನ ಕಟ್ಟೆಯ ಮೇಲೆ ಗೊತ್ತಿಲ್ಲ. ‘ಹೋದ ವರ್ಷವೂ ಬಂದು ಬರೆದುಕೊಂಡು ಹೋದಿರಲ್ಲ, ಅದನ್ನೇನು ಮಾಡಿದಿರಿ?’ ಸಮೀಕ್ಷೆಗೆ ಹೋದವರಿಗೆಲ್ಲ ಈ ಪ್ರಶ್ನೆ ಒಮ್ಮೆಯಾದರೂ ಎದುರಾಗಿರುತ್ತದೆ.

ಇವಲ್ಲದೆ ನಮ್ಮ ಸರ್ಕಾರಿ ಕಾಲೇಜುಗಳ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಮುಂದಿನ ವರ್ಷ ತಾನು ಇಲ್ಲೇ ಇರುತ್ತೇನೋ ಇಲ್ಲವೋ ತಿಳಿಯದವರು ಊರಿನವರಿಗೆ ಯಾವ ಮಾತು ಕೊಟ್ಟಾರು? ಖಾಯಂ ಇರುವವರಿಗೆ ವರ್ಗಾವಣೆ. ಹಾಗಾಗಿ ಸಂಬಂಧ ವ್ಯಕ್ತಿಯ ಹೆಸರಿನಲ್ಲಿ ಇರಕೂಡದು, ವಿಭಾಗದ ಹೆಸರಿನಲ್ಲಿ ಇರಬೇಕು. ಇದಕ್ಕೆ ಮುಂದೆ ಬರೋಣ.

ಒಂದು ಪೇಪರ್, ಒಂದು ಘಟಕ

ಹೊಸ ಕೋರ್ಸು ಬರೆದು, ಅಧ್ಯಯನ ಮಂಡಳಿಯಲ್ಲಿ ಒಪ್ಪಿಸಿ, ಆಮೇಲೆ ಶುರುಮಾಡೋಣ ಎಂದು ಕೂತರೆ ಎರಡು ವರ್ಷ ಹೋಗುತ್ತದೆ. ಅಷ್ಟರಲ್ಲಿ ಪಠ್ಯಕ್ರಮವೇ ಬದಲಾದೀತು. ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದ್ದನ್ನು ಕಂಡಿದ್ದೇವೆ. ಆದ್ದರಿಂದ ಈಗಾಗಲೇ ಇರುವ ಒಂದು ಪೇಪರಿನ ಒಂದು ಘಟಕವನ್ನು ಮಾತ್ರ ಊರಿನ ಕಡೆ ತಿರುಗಿಸಿ. ಪಠ್ಯ ಬದಲಿಸಬೇಕಿಲ್ಲ, ಉದಾಹರಣೆಯನ್ನೂ ಆಂತರಿಕ ಮೌಲ್ಯಮಾಪನವನ್ನೂ ಬದಲಿಸಿದರೆ ಸಾಕು.

ಒಂದು ನಮೂನೆ ನೋಡೋಣ. ಪಾವಗಡ, ಕೋಲಾರ, ಕೊಪ್ಪಳದಂಥ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ. ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಅದಕ್ಕೇ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ. ಅಂಥ ಒಂದು ಊರಿನ ಪಕ್ಕದ ಕಾಲೇಜಿನಲ್ಲಿ ಬಿಎಸ್‌ಸಿಯವರಿಗೆ ವಿಶ್ಲೇಷಣಾ ರಸಾಯನಶಾಸ್ತ್ರ ಪಾಠ ಮಾಡುವ ಅಧ್ಯಾಪಕಿಯೊಬ್ಬರನ್ನು ಊಹಿಸಿಕೊಳ್ಳಿ.

ಅವರ ಮನಸ್ಸಿಗೆ ಮೊದಲು ಹೊಳೆಯುವುದು: ನೂರು ಮನೆಯ ನೀರಿನ ಮಾದರಿ ತಂದು ಫ್ಲೋರೈಡ್ ಅಳೆಯೋಣ. ಒಳ್ಳೆಯ ಪ್ರಬಂಧವಾದೀತು. ಆದರೆ ನೀರು ಹಿಡಿಯಲು ಬಿಂದಿಗೆ ಇಟ್ಟು ಕಾಯುವ ಹೆಂಗಸರ ಜೊತೆ ಅರ್ಧ ಗಂಟೆ ನಿಂತರೆ ಕೇಳಿಬರುವ ಪ್ರಶ್ನೆ ಬೇರೆ. ಬೋರಿನ ನೀರು ಕೆಟ್ಟದ್ದು ಎಂದು ಅವರಿಗೆ ಗೊತ್ತೇ ಇದೆ. ಮಕ್ಕಳ ಹಲ್ಲಿನ ಕಲೆ ನೋಡಿದ್ದಾರೆ. ಅವರ ಪ್ರಶ್ನೆ: ‘ಕಾಯಿನ್ ಹಾಕಿ ಹಿಡೀತೀವಲ್ಲ, ಈ ನೀರಾದರೂ ಸರಿಯಾಗಿದೆಯಾ? ಫಿಲ್ಟರ್ ಬದಲಿಸಿದ್ದು ಯಾವಾಗ?’

ಈ ಒಂದು ಪ್ರಶ್ನೆಯಲ್ಲಿ ಎಷ್ಟು ಪಾಠ ಅಡಗಿದೆ ನೋಡಿ. ಅಂಗಡಿಯಲ್ಲಿ ಸಿಗುವ ಪೆನ್ನಿನಂಥ ಟಿಡಿಎಸ್ ಮೀಟರ್ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಅದು ಒಟ್ಟು ಲವಣದ ಅಂದಾಜು ಕೊಡುತ್ತದೆ. ಫ್ಲೋರೈಡ್ ಎಷ್ಟಿದೆ ಎಂದು ಹೇಳಲಾರದು. ಆದರೆ ಘಟಕಕ್ಕೆ ಒಳಹೋಗುವ ನೀರು ಮತ್ತು ಹೊರಬರುವ ನೀರು ಎರಡನ್ನೂ ದಿನಾ ಅಳೆದು ಬರೆದಿಟ್ಟರೆ, ಹೊರಬರುವ ಅಂಕಿ ವಾರವಾರಕ್ಕೂ ಮೇಲೇರುತ್ತಿದ್ದರೆ, ನೀರು ಸೋಸುವ ಪೊರೆ ಸೋಲುತ್ತಿದೆ ಎನ್ನುವ ಸುಳಿವು ಸಿಗುತ್ತದೆ. ಆ ಸುಳಿವು ಸಿಕ್ಕಾಗ ಪ್ರಯೋಗಾಲಯದಲ್ಲಿ ಅಯಾನ್ ಎಲೆಕ್ಟ್ರೋಡಿನಿಂದ ಫ್ಲೋರೈಡನ್ನೇ ಅಳೆಯಬೇಕು. ಪ್ರಮಾಣರೇಖೆ ಎಳೆಯುವುದು, ಖಾಲಿ ಮಾದರಿ, ಜೋಡಿ ಮಾದರಿ, ಅಳತೆಯ ದೋಷ: ಪಠ್ಯದಲ್ಲಿ ಇರುವುದೆಲ್ಲ ಇಲ್ಲಿ ಬಂತು. ಒಂದೇ ವ್ಯತ್ಯಾಸ, ಲೆಕ್ಕ ತಪ್ಪಿದರೆ ಈಗ ಅಂಕವಷ್ಟೇ ಹೋಗುವುದಿಲ್ಲ, ಒಂದು ಊರು ತಪ್ಪು ನೀರು ಕುಡಿಯುತ್ತದೆ. ವಿದ್ಯಾರ್ಥಿಗಳು ಎರಡೆರಡು ಸಲ ಅಳೆಯುವುದನ್ನು ತಾವಾಗಿಯೇ ಕಲಿಯುತ್ತಾರೆ.

ದಿನಾ ಅಳೆಯುವುದು ಯಾರು? ಜಲ ಜೀವನ್ ಮಿಷನ್ ಅಡಿ ಪ್ರತಿ ಹಳ್ಳಿಯಲ್ಲೂ ಐವರು ಮಹಿಳೆಯರಿಗೆ ನೀರಿನ ಕಿಟ್ ಬಳಸುವ ತರಬೇತಿ ಕೊಡಬೇಕೆಂದಿದೆ. ಅವರೇ ಈ ಕೋರ್ಸಿನ ಸಹಪಾಠಿಗಳು. ಮೀಟರ್ ಅವರ ಕೈಯಲ್ಲೇ ಉಳಿಯುತ್ತದೆ, ಪಟ್ಟಿ ಘಟಕದ ಗೋಡೆಯ ಮೇಲೆ ಕನ್ನಡದಲ್ಲಿ ಇರುತ್ತದೆ. ಸೆಮಿಸ್ಟರ್ ಮುಗಿದರೂ ಅಳತೆ ನಿಲ್ಲಬೇಕಿಲ್ಲ.

ಬೇರೆ ವಿಷಯದವರೂ ಹೀಗೆಯೇ ತಮ್ಮ ಪಠ್ಯದಲ್ಲಿ ಇಂಥ ಒಂದು ಸಂದು ಹುಡುಕಬಹುದು. ವಾಣಿಜ್ಯದವರಿಗೆ ಸ್ವಸಹಾಯ ಸಂಘದ ಲೆಕ್ಕದ ಪುಸ್ತಕ, ಕಾನೂನಿನವರಿಗೆ ನೆರವು ಕೇಂದ್ರಕ್ಕೆ ಬರುವ ಪೋಡಿ-ಪಹಣಿಯ ಜಗಳ, ಭೂಗೋಳದವರಿಗೆ ಕೆರೆಯ ಒತ್ತುವರಿ, ಕನ್ನಡದವರಿಗೆ ಹೊಲದ ಹೆಸರು, ಬೆಟ್ಟದ ಹೆಸರು, ಮೀನಿನ ಹೆಸರು.

ಊರಿಗೆ ಕಾಲಿಡುವ ಕ್ರಮ

ವಿದ್ಯಾರ್ಥಿಗಳನ್ನು ಕರೆದೊಯ್ಯುವ ಮೊದಲು ಅಧ್ಯಾಪಕರು ಒಂಟಿಯಾಗಿ ಮೂರು ನಾಲ್ಕು ಸಲ ಹೋಗಿಬರಬೇಕು. ಪಂಚಾಯಿತಿ ಅಧ್ಯಕ್ಷರು, ಪಿಡಿಒ, ಶಾಲೆಯ ಮುಖ್ಯಶಿಕ್ಷಕರು ಸುಲಭವಾಗಿ ಸಿಗುತ್ತಾರೆ. ಅಷ್ಟಕ್ಕೇ ನಿಲ್ಲಬೇಡಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ನೀರು ಬಿಡುವ ವಾಟರ್‌ಮ್ಯಾನ್, ಸಂಘದ ಪುಸ್ತಕ ಬರೆಯುವ ಹುಡುಗಿ: ಊರಿನ ನಾಡಿ ಇವರಿಗೆ ಗೊತ್ತು. ಊರೆಂದರೆ ಒಂದೇ ಧ್ವನಿಯಲ್ಲ ಎನ್ನುವುದೂ ಆಗಲೇ ತಿಳಿಯುತ್ತದೆ. ಕಟ್ಟೆಯ ಮೇಲೆ ಕೂತವರ ಬೇಡಿಕೆ ಒಂದು, ಕೇರಿಯವರ ಬೇಡಿಕೆ ಇನ್ನೊಂದು, ಹೆಂಗಸರದ್ದು ಮತ್ತೊಂದು. ಸಭೆಯನ್ನು ದೇವಸ್ಥಾನದ ಅಂಗಳದಲ್ಲಿ ಕರೆದರೆ ಯಾರು ಬರಲಾರರು ಎಂದು ಮೊದಲೇ ಯೋಚಿಸಬೇಕು.

ಕೇಳುವುದಕ್ಕೂ ಒಂದು ವಿದ್ಯೆ ಇದೆ. 1980ರ ದಶಕದ ಕೊನೆಯಲ್ಲಿ ಮೈರಾಡ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಸಹಭಾಗಿ ಸಮೀಕ್ಷೆಯ ವಿಧಾನವನ್ನು ಬಳಸಿ ಬೆಳೆಸಿತು. ಪ್ರಶ್ನಾವಳಿ ಪಕ್ಕಕ್ಕಿಟ್ಟು, ಊರಿನವರೇ ನೆಲದ ಮೇಲೆ ರಂಗೋಲಿ ಪುಡಿ, ಇದ್ದಿಲು, ಕಲ್ಲು, ಬೀಜಗಳಿಂದ ತಮ್ಮ ಊರಿನ ನಕ್ಷೆ ಬರೆಯುವುದು. ನೆಲದ ಮೇಲಿನ ನಕ್ಷೆಗೆ ಒಂದು ಗುಣವಿದೆ: ಪೆನ್ನು ಹಿಡಿದವರೇ ಯಜಮಾನರಾಗುವುದಿಲ್ಲ. ಒಬ್ಬರು ಬಾವಿ ಇಟ್ಟರೆ ಇನ್ನೊಬ್ಬರು ‘ಅದು ಬತ್ತಿ ಎಷ್ಟು ವರ್ಷ ಆಯ್ತು’ ಎಂದು ಕಲ್ಲು ತೆಗೆಯುತ್ತಾರೆ. ಆಮೇಲೆ ತೊಂದರೆಗಳನ್ನು ಒಂದೊಂದು ಗುಂಪಾಗಿ ಮಾಡಿ, ಒಬ್ಬೊಬ್ಬರಿಗೂ ಹತ್ತು ಹುಣಸೆಬೀಜ ಕೊಟ್ಟು ಹಂಚಲು ಹೇಳಿದರೆ ಊರಿನ ಆದ್ಯತೆ ಕಣ್ಣಿಗೇ ಕಾಣುತ್ತದೆ. ಗಂಡಸರ ಬೀಜ, ಹೆಂಗಸರ ಬೀಜ ಬೇರೆ ಬೇರೆ ಎಣಿಸಿ. ಎರಡು ಉತ್ತರ ಬಂದರೆ ಬೆರಗಾಗಬೇಡಿ.

ಕೊನೆಗೆ ಒಂದು ಪುಟದ ಒಪ್ಪಂದ, ಕನ್ನಡದಲ್ಲಿ. ನಾವು ಏನು ಮಾಡುತ್ತೇವೆ, ಏನು ಮಾಡಲಾರೆವು, ಎಷ್ಟು ದಿನ, ಫಲಿತಾಂಶ ಯಾರಿಗೆ, ಕೆಟ್ಟ ಸುದ್ದಿ ಬಂದರೆ ಮೊದಲು ಯಾರಿಗೆ ಹೇಳುವುದು. ನೀರಿನ ಘಟಕದ ಉದಾಹರಣೆಯಲ್ಲಿ ಈ ಕೊನೆಯ ಸಾಲೇ ಪ್ರಾಣ. ಘಟಕ ನಡೆಸುವ ಗುತ್ತಿಗೆದಾರರಿಗೂ ಪಂಚಾಯಿತಿಗೂ ಮುಜುಗರವಾಗುವ ಅಂಕಿ ಬಂದಾಗ ಯೋಚಿಸಲು ಕೂತರೆ ತಡವಾಯಿತು. ಅಧ್ಯಾಪಕರು ಒತ್ತಡಕ್ಕೆ ಸಿಕ್ಕಿಬೀಳುತ್ತಾರೆ. ‘ರಸ್ತೆ ಮಾಡಿಸಿಕೊಡುತ್ತೀರಾ?’ ಎಂದು ಕೇಳಿದರೆ ‘ಅದು ನಮ್ಮಿಂದಾಗದು’ ಎಂದು ಮೊದಲ ದಿನವೇ ಹೇಳುವುದು ಮರ್ಯಾದೆ.

ಅಂಕ ಯಾವುದಕ್ಕೆ?

ಬಹಳ ಕಡೆ ಅಂಕ ಬೀಳುವುದು ಹಾಜರಿಗೆ: ಇಷ್ಟು ಗಂಟೆ ಊರಿನಲ್ಲಿದ್ದ, ಇಷ್ಟು ಅಂಕ. ಗಂಟೆಗೆ ಅಂಕ ಕೊಟ್ಟರೆ ವಿದ್ಯಾರ್ಥಿಗಳು ಗಂಟೆ ಎಣಿಸುತ್ತಾರೆ. ಕಲಿಕೆಗೆ ಅಂಕ ಕೊಡಬೇಕು, ಕಲಿಕೆ ಕಾಣಿಸಬೇಕಾದರೆ ಬರೆಸಬೇಕು. ಪ್ರತಿ ಭೇಟಿಯ ಬಳಿಕ ಒಂದು ಪುಟದ ದಿನಚರಿ, ಮೂರೇ ಪ್ರಶ್ನೆ: ಏನು ಕಂಡೆ? ಪಾಠದ ಯಾವ ಮಾತು ಇಲ್ಲಿ ಹೊಂದಿತು, ಯಾವುದು ಹೊಂದಲಿಲ್ಲ? ಮುಂದಿನ ಸಲ ಏನು ಬದಲಿಸುತ್ತೇನೆ? ‘ಹಳ್ಳಿಯ ಜನ ತುಂಬ ಮುಗ್ಧರು, ನನಗೆ ಸೇವೆಯ ಮಹತ್ವ ತಿಳಿಯಿತು’ ಎಂದು ಬರೆದವರಿಗೆ ಕಡಿಮೆ ಅಂಕ. ‘ಬೆಳಗಿನ ಮಾದರಿಗೂ ಸಂಜೆಯ ಮಾದರಿಗೂ ಅಂಕಿ ಬೇರೆ ಬಂತು, ಕಾರಣ ನನಗೆ ಗೊತ್ತಾಗಲಿಲ್ಲ’ ಎಂದು ಬರೆದವರಿಗೆ ಹೆಚ್ಚು.

ಇಪ್ಪತ್ತೈದು ಅಂಕದ ಆಂತರಿಕ ಮೌಲ್ಯಮಾಪನವನ್ನು ಹೀಗೆ ಹಂಚಬಹುದು: ದಿನಚರಿಗೆ 10, ದತ್ತಾಂಶದ ಗುಣಮಟ್ಟಕ್ಕೆ 5, ಊರಿನವರ ಮುಂದೆ ಕನ್ನಡದಲ್ಲಿ ವಿವರಿಸುವುದಕ್ಕೆ 10. ಆ ಕೊನೆಯ ಹತ್ತರಲ್ಲಿ ಐದನ್ನು ಊರಿನ ಸಹಭಾಗಿಗಳೇ ಕೊಡಲಿ. ಆಸ್ಮಾಟಿಕ್ ಒತ್ತಡ ಎಂದರೇನು ಎಂದು ಬಿಂದಿಗೆ ಹಿಡಿದು ನಿಂತವರಿಗೆ ಅರ್ಥವಾಗುವಂತೆ ಹೇಳಬಲ್ಲ ಹುಡುಗನಿಗೆ ಅದು ನಿಜವಾಗಿ ಅರ್ಥವಾಗಿದೆ ಎಂದೇ ಲೆಕ್ಕ.

ಸಂಶೋಧನೆ: ಯಾರ ಒಪ್ಪಿಗೆ, ಯಾರ ಹೆಸರು

ಬೋಧನೆಯಿಂದ ಸಂಶೋಧನೆಗೆ ದಾಟುವುದು ಸಹಜ ಹೆಜ್ಜೆ. ಕರ್ನಾಟಕದಲ್ಲೇ ಎರಡು ಒಳ್ಳೆಯ ಮಾದರಿಗಳಿವೆ. ನಿಮ್ಹಾನ್ಸ್‌ನವರು 1970ರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸಲು ಕಲಿಸಬಹುದೇ ಎಂದು ನೋಡಿದರು. ಅದನ್ನೇ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ದೊಡ್ಡದಾಗಿ ನಡೆಸಿದರು. 1996ರಲ್ಲಿ ದೇಶದಲ್ಲಿ ಜಾರಿಗೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಇನ್ನೊಂದು, ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ 1990ರ ದಶಕದಲ್ಲಿ ಪಶ್ಚಿಮ ಘಟ್ಟದ ಪದವಿ ಕಾಲೇಜುಗಳ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಕಲೆಹಾಕಿ ನಡೆಸಿದ ಜೀವವೈವಿಧ್ಯ ದಾಖಲಾತಿ. ಊರಿನವರ ತಿಳಿವಳಿಕೆಯನ್ನು ಊರಿನವರ ಜೊತೆ ಕೂತು ಬರೆಯುವ ಜನತಾ ಜೀವವೈವಿಧ್ಯ ದಾಖಲಾತಿಯ ಕಲ್ಪನೆಯೂ ಆ ದಿನಗಳದ್ದೇ. 2002ರ ಜೀವವೈವಿಧ್ಯ ಕಾಯ್ದೆಯಡಿ ಅದು ಪ್ರತಿ ಸ್ಥಳೀಯ ಸಂಸ್ಥೆಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಕೆಲಸವಾಯಿತು. ಸಸ್ಯಶಾಸ್ತ್ರದ ಅಧ್ಯಾಪಕರಿಗೆ ಕಾನೂನೇ ತೆರೆದಿಟ್ಟ ಬಾಗಿಲು ಇದು.

ಎಚ್ಚರಿಕೆಯೂ ಇಲ್ಲೇ ಬೇಕು. ನಾಟಿ ವೈದ್ಯರೊಬ್ಬರು ನಂಬಿಕೆಯಿಂದ ಹೇಳಿದ ಗಿಡದ ಗುಟ್ಟನ್ನು ಹಾಗೆಯೇ ಅಚ್ಚು ಹಾಕಿಸಿದರೆ ಅದು ಅವರ ಕೈತಪ್ಪಿತು. ಒಪ್ಪಿಗೆಯೆಂದರೆ ಹಾಳೆಯ ಕೊನೆಯ ಹೆಬ್ಬೆಟ್ಟು ಅಲ್ಲ; ಏನನ್ನು ಬರೆಯಬಹುದು, ಏನನ್ನು ಬರೆಯಕೂಡದು, ಹೆಸರು ಹಾಕಬೇಕೋ ಬೇಡವೋ ಎಂದು ಮೂರು ಹಂತದಲ್ಲಿ ಕೇಳುವುದು: ಶುರುವಿಗೆ ಮುನ್ನ, ದತ್ತಾಂಶ ಕೈಗೆ ಬಂದಾಗ, ಪ್ರಕಟಣೆಗೆ ಮುನ್ನ. ಮನುಷ್ಯರ ಆರೋಗ್ಯದ ವಿಷಯವಾದರೆ ಸಂಸ್ಥೆಯ ನೀತಿ ಸಮಿತಿಯ ಒಪ್ಪಿಗೆ ಇಲ್ಲದೆ ಹೆಜ್ಜೆ ಇಡಕೂಡದು. ವರ್ಷವಿಡೀ ಅಳತೆ ಬರೆದ ಮಹಿಳೆಯರ ಹೆಸರು, ಅವರು ಒಪ್ಪಿದರೆ, ಪ್ರಬಂಧದ ಕೃತಜ್ಞತೆಯ ಸಾಲಿನಲ್ಲಲ್ಲ, ಲೇಖಕರ ಸಾಲಿನಲ್ಲಿ ಇರಬೇಕು.

ಮತ್ತು ಇಂಗ್ಲಿಷ್ ಪತ್ರಿಕೆಗೆ ಕಳಿಸುವ ಮೊದಲು ಕನ್ನಡ ವರದಿ ಊರಿಗೆ ತಲುಪಿರಬೇಕು. ಗ್ರಾಮಸಭೆಯಲ್ಲಿ ಹತ್ತು ನಿಮಿಷ ಓದಿ ಹೇಳಿ, ಒಂದು ಪ್ರತಿಯನ್ನು ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಇಡಿ. ಮುಂದಿನ ವರ್ಷ ಬೇರೆ ಕಾಲೇಜಿನವರು ಅದೇ ಪ್ರಶ್ನೆ ಹಿಡಿದು ಬಂದರೆ ಊರಿನವರು ಆ ಪ್ರತಿಯನ್ನು ತೋರಿಸಬಹುದು.

ವಿಶ್ವವಿದ್ಯಾಲಯದ ಪಾಲಿನ ಕೆಲಸ

ಇಷ್ಟನ್ನೂ ಒಂದು ದಿನದ ಕಾರ್ಯಾಗಾರದಲ್ಲಿ ಕಲಿಸಲಾಗದು. ಮಧ್ಯಾಹ್ನದ ಊಟ, ಪ್ರಮಾಣಪತ್ರ, ಗುಂಪು ಫೋಟೋ ಮುಗಿಸಿ ಮನೆಗೆ ಹೋದವರು ಸೋಮವಾರ ಹಳೆಯ ಪಾಠವನ್ನೇ ಮಾಡುತ್ತಾರೆ. ಕೆಲಸ ಮಾಡುವ ಮಾದರಿ ಎಂದರೆ ವರ್ಷಪೂರ್ತಿ ನಡೆಯುವ ಕಲಿಕಾ ಬಳಗ: ಬೇರೆ ಬೇರೆ ವಿಷಯದ ಹತ್ತು ಹನ್ನೆರಡು ಅಧ್ಯಾಪಕರು, ತಿಂಗಳಿಗೊಂದು ಭೇಟಿ. ಮೊದಲ ಎರಡು ತಿಂಗಳು ಊರಿನಲ್ಲಿ ಕೇಳುವುದು. ಮೂರನೆಯದರಲ್ಲಿ ತಮ್ಮ ಒಂದು ಘಟಕವನ್ನು ತಿರುಗಿಸಿ ಬರೆಯುವುದು. ನಾಲ್ಕನೆಯದರಲ್ಲಿ ಅದನ್ನು ಬಳಗದ ಮುಂದೆ ಇಟ್ಟು ಬೈಸಿಕೊಳ್ಳುವುದು. ಮುಂದಿನ ಸೆಮಿಸ್ಟರಿನಲ್ಲಿ ಪಾಠ ಮಾಡುತ್ತಲೇ ಎಡವಿದ್ದನ್ನು ಹಂಚಿಕೊಳ್ಳುವುದು. ಬಳಗದಲ್ಲಿ ಆಶಾ ಕಾರ್ಯಕರ್ತೆ, ರೈತ, ಪಂಚಾಯಿತಿ ಸದಸ್ಯೆ ಸಂಪನ್ಮೂಲ ವ್ಯಕ್ತಿಗಳಾಗಿ ಕೂರಬೇಕು. ಪ್ರಾಧ್ಯಾಪಕರಿಗೆ ಕೊಡುವ ಗೌರವಧನವನ್ನೇ ಅವರಿಗೂ ಕೊಡಬೇಕು. ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಶಾಲು ಹೊದಿಸಿ ಕಳಿಸುವುದು ಅನ್ಯಾಯ.

ಇನ್ನುಳಿದದ್ದು ಆಡಳಿತದ ಕೆಲಸ, ಅದನ್ನು ಚುಟುಕಾಗಿ ಹೇಳಬಹುದು. ಕ್ಷೇತ್ರಪಾಠಕ್ಕೆ ಟೈಮ್‌ಟೇಬಲಿನಲ್ಲಿ ವಾರಕ್ಕೊಂದು ಇಡೀ ಮಧ್ಯಾಹ್ನ, ಅದು ವರ್ಕ್‌ಲೋಡಿನ ಲೆಕ್ಕದಲ್ಲಿ. ಬಸ್ಸು, ವಿಮೆ, ಕಿಟ್‌ಗಳಿಗೆ ಸಣ್ಣ ಬೀಜಧನ. ಬಿಲ್ಲು ಪಾಸಾಗಲು ಆರು ತಿಂಗಳು ಕಾಯಿಸದಂಥದ್ದು. ಊರು-ಕಾಲೇಜುಗಳ ನಡುವೆ ಕೊಂಡಿಯಾಗಿ ಒಬ್ಬ ಪೂರ್ಣಾವಧಿ ಸಂಯೋಜಕರು. ಫೋನು ಎತ್ತುವುದೇ ಅವರ ಮುಖ್ಯ ಕೆಲಸ. ಪ್ರತಿ ವಿಭಾಗದಲ್ಲಿ ಒಂದು ‘ಊರಿನ ಕಡತ’: ಯಾರನ್ನು ಕಂಡೆವು, ಏನು ಮಾತು ಕೊಟ್ಟೆವು, ಯಾವುದು ಬಾಕಿ. ಅಧ್ಯಾಪಕರು ವರ್ಗವಾದ ದಿನ ಪ್ರಯೋಗಾಲಯದ ಬೀಗದಕೈ ಜೊತೆ ಈ ಕಡತವನ್ನೂ ಒಪ್ಪಿಸಬೇಕು. ಐದು ಊರಿಗೆ ಒಂದೊಂದು ಸಲ ಹೋಗುವುದಕ್ಕಿಂತ ಒಂದೇ ಊರಿಗೆ ಐದು ವರ್ಷ ಹೋಗುವುದು ಮೇಲು. ಉನ್ನತ ಭಾರತ ಅಭಿಯಾನಕ್ಕೆ ಐದು ಊರು ಬೇಕೇ ಬೇಕಾದರೆ ಅವನ್ನು ಐದು ವಿಭಾಗಗಳಿಗೆ ಹಂಚಿಬಿಡಿ.

ಎಡವಿದ್ದಕ್ಕೊಂದು ಕಾಲಂ

ಉಳಿದದ್ದು ಮಾನ್ಯತೆಯ ಪ್ರಶ್ನೆ. ಅಮೆರಿಕದ ಅರ್ನೆಸ್ಟ್ ಬೋಯರ್ 1990ರಲ್ಲೇ, ವಿದ್ವತ್ತೆಂದರೆ ಹೊಸತನ್ನು ಶೋಧಿಸುವುದಷ್ಟೇ ಅಲ್ಲ, ಜೋಡಿಸುವುದು, ಬಳಕೆಗೆ ತರುವುದು, ಕಲಿಸುವುದು ಕೂಡ ವಿದ್ವತ್ತೇ ಎಂದು ವಾದಿಸಿದರು. ಬಡ್ತಿಯ ನಮೂನೆಯಲ್ಲಿ ಪಂಚಾಯಿತಿಗೆ ಕೊಟ್ಟ ವರದಿ, ಊರಿನವರ ಪತ್ರ, ವಿದ್ಯಾರ್ಥಿಗಳ ದಿನಚರಿ ಇವಕ್ಕೂ ಜಾಗ ಮಾಡಿಕೊಡುವುದು ಅಷ್ಟೇನೂ ಕಷ್ಟವಲ್ಲ. ಕಷ್ಟವಿರುವುದು ಇನ್ನೊಂದಕ್ಕೆ ಜಾಗ ಕೊಡುವುದರಲ್ಲಿ.

ಪುರದ ಆ ವ್ಯವಸ್ಥೆ ವರ್ಷಗಟ್ಟಲೆ ನಡೆದು ಕೊನೆಗೆ ನಿಂತಿತು. ರೆಡ್ಡಿ ಅದನ್ನು ಮುಚ್ಚಿಡಲಿಲ್ಲ. ತೀರಿಕೊಳ್ಳುವ ಎರಡು ವರ್ಷ ಮೊದಲು, 2004ರಲ್ಲಿ, ಪುರದ ಪಾಠಗಳನ್ನೇ ಕುರಿತು ಒಂದು ಪ್ರಬಂಧ ಪ್ರಕಟಿಸಿದರು. ಅಡುಗೆ ಅನಿಲದ ಮೊದಲ ಪ್ರಯತ್ನ ಏಕೆ ಸೋತಿತು, ಊರಿನವರಿಗೆ ಬೇಕಿದ್ದದ್ದು ಏನು ಎನ್ನುವುದು ಇಂದು ನಮಗೆ ತಿಳಿದಿರುವುದೇ ಅಂಥ ಬರಹಗಳಿಂದ. ಆ ಹೊತ್ತಿಗೆ ಅವರಿಗೆ ಯಾವ ಬಡ್ತಿಯೂ ಬೇಕಿರಲಿಲ್ಲ.

ಕೆಲಸಕ್ಕೆ ಸೇರಿ ಮೂರು ವರ್ಷವಾದ ಸಹಾಯಕ ಪ್ರಾಧ್ಯಾಪಕಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ಅವರ ವಾರ್ಷಿಕ ವರದಿಯ ನಮೂನೆಯಲ್ಲಿ ‘ಸಾಧನೆಗಳು’ ಎನ್ನುವ ಕಾಲಂ ಪಕ್ಕದಲ್ಲೇ ‘ಊರು ನಮ್ಮನ್ನು ತಿದ್ದಿದ್ದು ಎಲ್ಲಿ?’ ಎನ್ನುವ ಇನ್ನೊಂದು ಕಾಲಂ ಇರಲಿ. ಅದನ್ನು ತುಂಬಿದವರಿಗೆ ಅಂಕವೂ ಇರಲಿ.